ಮುಯ್ಯಾಳು

ಐದನೆಯ ತಿಂಗಳು ಹುಟ್ಟಿ ಎಂಟು ದಿನವಾಗಿತ್ತು. ಜವೆಗೋಧಿ ಕೊಯ್ದು ಮುಗಿದ ಗದ್ದೆಗಳಿಗೆಲ್ಲ ನೀರು ಬಿಟ್ಟಾಗಿತ್ತು. ಊರಿಗೆ ಊರೇ ಕೆಸರಿಗೆ ಇಳಿದಿತ್ತು. ಇವತ್ತು ಊರ ಯಜಮಾನ ಕಿಹೆಯ ದೊಡ್ಡ ಗದ್ದೆಯ ನಾಟಿ. ಹೊತ್ತು ಹುಟ್ಟುವ ಮೊದಲೇ ಹೆಂಗಸರು ಹುಲ್ಲಿನ ಟೋಪಿ ಕಟ್ಟಿಕೊಂಡು ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಹೋದದ್ದನ್ನು ವೈದ್ಯ ಸೋಹಾಕು ಜಗುಲಿಯಲ್ಲಿ ಕೂತು ನೋಡಿದ್ದ. ಈಗ ಅವರ ಹಾಡು ಗಾಳಿ ಬಂದಾಗ ಬಂದು, ಗಾಳಿ ನಿಂತಾಗ ನಿಲ್ಲುತ್ತಿತ್ತು. ಊರಿನಲ್ಲಿ ಈ ಹೊತ್ತು ಕೈ ಒಣಗಿದ್ದವನು ತಾನೊಬ್ಬನೇ ಎಂದು ಅವನಿಗೆ ಅನ್ನಿಸಿತು. ಆ ಒಣಗಿದ ಕೈಯಿಂದ ಚೂರಿಯನ್ನು ಮತ್ತೆ ಒರೆಸಿದ. ಬೆರಳುದ್ದದ ಚೂರಿ, ತುದಿ ತೆನೆಯ ಮುಳ್ಳಿನಷ್ಟು ಸಣ್ಣದು. ಒರೆಸಿ ಬಟ್ಟೆಯ ಮೇಲಿಟ್ಟ, ಇಟ್ಟಲ್ಲಿಂದ ಎತ್ತಿ ಇನ್ನೊಮ್ಮೆ ಒರೆಸಿದ.

ಒಳಗೆ ಚಾಪೆಯ ಮೇಲೆ ಮುದುಕಿ ಒಕುಮೆ ಎರಡು ವರ್ಷದ ಮೊಮ್ಮಗಳನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಮಗುವಿನ ಹೆಸರು ತೊಮೆ. ಎರಡೂ ತೋಳುಗಳಲ್ಲಿ ಮೂರು ಮೂರು ಗುಳ್ಳೆ ಎದ್ದಿದ್ದವು. ನಡುವೆ ಸಣ್ಣ ಕುಳಿ ಬಿದ್ದು, ಸುತ್ತ ಕೆಂಪೇರಿ, ಒಳಗಿನ ರಸ ಎಲೆಯ ಮೇಲಿನ ಇಬ್ಬನಿಯಂತೆ ತಿಳಿಯಾಗಿತ್ತು. ಇವತ್ತಿಗೆ ಏಳನೆಯ ದಿನ. ಇವತ್ತು ಸಂಜೆಯೊಳಗೆ ಆ ರಸವನ್ನು ಚೂರಿಯ ತುದಿಯಲ್ಲಿ ತೆಗೆದು ಇನ್ನೊಂದು ಮಗುವಿನ ತೋಳಿಗೆ ತಾಗಿಸಬೇಕು. ನಾಳೆಗೆ ಅದು ಬಿಳಿಚಿ ಕೀವಾಗುತ್ತದೆ. ಕೀವಿನಿಂದ ಏನೂ ಹುಟ್ಟುವುದಿಲ್ಲ. ಸಿಡುಬು ಬಾರದಂತೆ ಮೈಲಿ ಹಾಕುವುದೆಂದರೆ ಇಷ್ಟೇ: ಒಂದು ತೋಳಿನಿಂದ ಇನ್ನೊಂದು ತೋಳಿಗೆ, ಏಳು ದಿನಕ್ಕೊಮ್ಮೆ. ಒಂದು ಸರದಿಯಲ್ಲಿ ತೋಳು ಸಿಗದಿದ್ದರೆ ದಾರ ಕಡಿಯಿತು. ಕೋಟೆಪೇಟೆಯಿಂದ ಕಣಿವೆ ದಾಟಿ, ಇನ್ನೂ ಕರಗದ ಹಿಮದಲ್ಲಿ, ತೋಳಿನಲ್ಲಿ ಗುಳ್ಳೆ ಎದ್ದ, ಬಾಡಿಗೆಗೆ ತಂದ ಒಂದು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವನು ಈ ದಾರವನ್ನು ತಂದಿದ್ದ. ಅಲ್ಲಿನ ಗುರುಗಳು ಬಾಗಿಲವರೆಗೂ ಬಂದು ಹೇಳಿದ್ದರು: ನಿನ್ನ ಕೈಯಲ್ಲಿ ಇದು ಕಡಿದರೆ ಮತ್ತೆ ನನ್ನ ಬಾಗಿಲಿಗೆ ಬರಬೇಡ, ನನ್ನ ಹತ್ತಿರವೂ ಇರುತ್ತೋ ಇಲ್ಲವೋ; ಮನೆಯ ಮಗು ಒಂದನ್ನು ಮೈಲಿ ಹಾಕದೆ ಹಾಗೇ ಇಟ್ಟುಕೊಂಡಿರು, ಯಾರೂ ಬಾರದ ದಿನಕ್ಕೆ ಬೇಕಾಗುತ್ತದೆ.

ಅವನು ಹಾಗೇ ಇಟ್ಟುಕೊಂಡಿದ್ದ. ಆರು ಸರದಿ ಕಳೆದಿತ್ತು. ಮನೆಯ ಮಗುವೆಂದರೆ ಸಾಯೊ, ನಾಲ್ಕು ವರ್ಷದವಳು. ಪ್ರತಿ ಏಳನೆಯ ದಿನದ ಬೆಳಿಗ್ಗೆ ಹೆಂಡತಿ ತಾಮಿ ಏನೂ ಹೇಳದೆ ಪೆಟ್ಟಿಗೆಯಿಂದ ನೀಲಿ ಅಂಗಿಯೊಂದನ್ನು ತೆಗೆದು ಮಗಳಿಗೆ ತೊಡಿಸುತ್ತಿದ್ದಳು. ತೋಳು ಸಡಿಲವಾದ ಅಂಗಿ, ಭುಜದವರೆಗೆ ಸಲೀಸಾಗಿ ಮಡಚಬಹುದು. ಸಾಯೊ ಆ ಅಂಗಿ ತೊಟ್ಟು ಬಂದ ಮಕ್ಕಳ ನಡುವೆ ಓಡಾಡುತ್ತಿದ್ದಳು. ಸಂಜೆ ಎಲ್ಲರೂ ಹೋದಮೇಲೆ ತಾಮಿ ಅದನ್ನು ಬಿಚ್ಚಿ, ಕೊಳೆಯಾಗದಿದ್ದರೂ ಒಗೆದು, ಮಡಿಸಿ, ಪೆಟ್ಟಿಗೆಯಲ್ಲಿಡುತ್ತಿದ್ದಳು. ಮೂರನೆಯ ಸರದಿಯ ದಿನ ಅವನೇ ಬಾಯಿಬಿಟ್ಟು, ಮುಂದಿನ ಸಲ ಖಂಡಿತ, ಎಂದಿದ್ದ. ನಾಲ್ಕನೆಯ ಸಲ ಇಬ್ಬರು ಮಕ್ಕಳು ಬಂದರು, ಅವರಿಗೆ ಹಾಕಿದ. ಐದನೆಯ ಸಲ ಒಬ್ಬ. ಆರನೆಯ ಸಲ ಇದೇ ತೊಮೆ. ಒಂದು ಬಂದರೆ ಸಾಕು, ಒಂದು ಬಂದಿದೆಯಲ್ಲ, ಸಾಯೊ ಎಲ್ಲಿ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳಲ್ಲ, ಎಂದು ಪ್ರತಿಸಲವೂ ಅವನಿಗೆ ಅನ್ನಿಸುತ್ತಿತ್ತು. ಮನೆಯಲ್ಲಿರುವುದು ಎಲ್ಲಿಗೂ ಹೋಗುವುದಿಲ್ಲ ಎಂದು ನಂಬಿಕೊಂಡೇ ಅವನು ನಲವತ್ತೊಂದು ವರ್ಷ ಕಳೆದಿದ್ದ.

ಇವತ್ತು ಬೆಳಿಗ್ಗೆ ತಾಮಿ ಪೆಟ್ಟಿಗೆ ತೆಗೆಯಲಿಲ್ಲ. ಮಗಳಿಗೆ ಮೊಣಕೈವರೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಗದ್ದೆಯ ಅಂಗಿ ತೊಡಿಸಿ, ಕೈಹಿಡಿದುಕೊಂಡು, ನಾಟಿಯವರ ಜೊತೆ ಹೊರಟುಹೋದಳು. ಅವನು ಜಗುಲಿಯಿಂದ ನೋಡಿದ. ಕೂಗಬಹುದಿತ್ತು. ಏನೆಂದು ಕೂಗುವುದು? ಮಗುವನ್ನು ಬಿಟ್ಟುಹೋಗು, ಬೇಕಾದೀತು ಎಂದೇ? ಅಷ್ಟರಲ್ಲಿ ಅವರು ತೊರೆಯ ಕಾಲುಸಂಕ ದಾಟಿದ್ದರು.

"ಪಂಡಿತಪ್ಪ, ಆ ಚೂರಿ ಸವೆದುಹೋದೀತು," ಎಂದಳು ಒಕುಮೆ. "ಒರೆಸಿದ್ದು ಸಾಕು."

"ಬರ್ತಾರೆ, ಅಜ್ಜಿ."

"ಯಾರು ಬರ್ತಾರೆ?"

ಇದ್ದಲು ಸುಡುವ ಗೊನ್ಜೊ ಬರುತ್ತೇನೆ ಅಂದಿದ್ದ, ಮಗನನ್ನು ಕರಕೊಂಡು. ಕಾಗದ ಮಾಡುವವರ ಮನೆಯ ಅವಳಿ ಮಕ್ಕಳೂ ಬರಬೇಕಿತ್ತು. ಮುದುಕಿ ಕೇಳಿಸಿಕೊಂಡು ತುಟಿಯೊಳಗೇ ನಕ್ಕಳು. ತೊಮೆ ತೋಳು ಕೆರೆದುಕೊಳ್ಳಲು ಕೈ ಎತ್ತಿದಾಗಲೆಲ್ಲ ಅವಳು ಆ ಸಣ್ಣ ಕೈಯನ್ನು ಹಿಡಿದು ತನ್ನ ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತಿದ್ದಳು; ಕೆರೆದು ಒಡೆದರೆ ಎಲ್ಲ ಮುಗಿಯಿತು. ಬೆಳಗಿನಿಂದ ಹೀಗೇ ಕೂತಿದ್ದಾಳೆ. ಗದ್ದೆ ಕೆಲಸಕ್ಕೆ ಆಗದ ಮುದುಕಿಯೆಂದು ಮನೆಯವರು ಕಳಿಸಿಕೊಟ್ಟಿದ್ದಾರೆ. ದೇವಸ್ಥಾನದ ಗಂಟೆ ಹೊಡೆಯಿತು. ಸೋಹಾಕು ಎಣಿಸಿದ. ಮಧ್ಯಾಹ್ನಕ್ಕೆ ಇನ್ನು ಒಂದೇ ಗಂಟೆ ಬಾಕಿ.

ಅವನು ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತ, ಅಲ್ಲಿಂದ ಬೆಟ್ಟದ ದಾರಿ ಕಾಣುತ್ತದೆಂದು. ಬಾಗಿಲ ಪಕ್ಕದ ಗುಡಿಸಲಿನಲ್ಲಿ ಮರದ ಬಾನಿ ಬೋರಲು ಬಿದ್ದಿತ್ತು. ಮೂರು ಚಳಿಗಾಲಗಳಿಂದ ಅವನು ಈ ಮನೆಗೆ ಮುಂಬಾಗಿಲಿಂದ ಬಂದವನಲ್ಲ. ಯಾವ ಹೊತ್ತಿಗೆ ಬಂದರೂ ಬಾನಿಯಲ್ಲಿ ಬಿಸಿನೀರು, ಗೂಟದ ಮೇಲೆ ಒಗೆದ ಬಟ್ಟೆ. ಉಟ್ಟದ್ದನ್ನು ಬಿಚ್ಚಿ ಬೂದಿನೀರಿಗೆ ಹಾಕಿ, ಮಿಂದು, ಬೇರೆ ಉಟ್ಟುಕೊಂಡು ಒಳಗೆ ಬರಬೇಕು. ಇದು ತಾಮಿ ಮಾಡಿದ ನಿಯಮ. ಯಾಕೆಂದು ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ವೈದ್ಯನಿಗೆ ಮನೆಯೆಂದರೆ ಚಪ್ಪಲಿ ಬಿಡುವ ಜಾಗ, ಅಷ್ಟೇ, ಎಂದು ಗುರುಗಳು ಹೇಳುತ್ತಿದ್ದುದನ್ನು ಅವನು ಒಮ್ಮೆ ಹೆಮ್ಮೆಯಿಂದ ಅವಳ ಮುಂದೆ ಹೇಳಿದಾಗ, ಅವಳು ಒಲೆ ಊದುತ್ತಲೇ, ಹಾಗಿದ್ದರೆ ಅದನ್ನೂ ಹಿಂದೆಯೇ ಬಿಡಿ, ಎಂದಿದ್ದಳು. ಅದೇ ಗೂಟದ ಮೇಲೆ ಇನ್ನೂ ರಿಕಿಚಿಯ ಸಣ್ಣ ಹುಲ್ಲುಗಂಬಳಿ ತೂಗುತ್ತಿತ್ತು. ಅವರ ಮೊದಲ ಮಗ, ಮೂರು ಚಳಿಗಾಲದ ಹಿಂದೆ ಆರು ವರ್ಷದ ಹುಡುಗ. ಆಗ ಸೋಹಾಕು ಹೊಳೆಯ ಕೆಳಗಿನ ಕುರಾನೊ ಊರಿನಲ್ಲಿ, ಸಾಕೆ ಮದ್ಯ ಮಾಡುವ ದೊಡ್ಡ ಮನೆಯಲ್ಲಿ, ಆ ಮನೆಯ ಮಗನ ಸಿಡುಬಿಗೆ ನಾಲ್ಕು ದಿನ ಕಾದು ಕೂತಿದ್ದ. ಅವರ ಹುಡುಗ ಉಳಿದ. ಉಳಿಸಿದ ಹೆಮ್ಮೆಯಲ್ಲಿ, ಚಳಿಯಲ್ಲಿ, ಹಾಗೇ ಬಂದು ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಓಡಿಬಂದ ರಿಕಿಚಿಯನ್ನು ಮೇಲಂಗಿಯ ತೋಳಿನೊಳಗೆ ಸುತ್ತಿಕೊಂಡು ಬೆಂಕಿಯ ಮುಂದೆ ಕೂತ. ಹನ್ನೆರಡನೆಯ ದಿನ ರಿಕಿಚಿಗೆ ಜ್ವರ. ಕೆಂಪು ಕಾಗದ ಅಂಟಿಸಿದರು, ಕೆಂಪು ಬಟ್ಟೆ ಹೊದಿಸಿದರು, ಸಿಡುಬಿನ ದೇವರಿಗೆ ಕೆಂಪನ್ನ ಇಟ್ಟರು. ಜ್ವರದ ಒಂಬತ್ತನೆಯ ದಿನ ಕುರಾನೊದಿಂದ ಮತ್ತೆ ಕರೆ ಬಂತು, ಇನ್ನೊಂದು ಮಗು. ಅವನು ಹೋದ. ಹೋಗದೆ ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು? ವೈದ್ಯನಿಗೆ ಗೊತ್ತಿರುವುದೆಲ್ಲ ಮಾಡಿಯಾಗಿತ್ತು. ಅಪ್ಪ ಮಾಡಬೇಕಾದ್ದು ಬೇರೆ ಏನಾದರೂ ಇತ್ತೇ ಎಂಬುದು ಅವನಿಗೆ ವಾಪಸು ಬರುವ ದಾರಿಯಲ್ಲಿ ಹೊಳೆಯಿತು. ಅಷ್ಟರಲ್ಲಿ ಆಗಿಹೋಗಿತ್ತು.

ಮತ್ತೆ ಐದು ದಿನದ ಹಿಂದೆ ಅವನು ಕುರಾನೊಗೆ ಹೋಗಿ ಬಂದಿದ್ದ. ಅಲ್ಲಿ ಮತ್ತೆ ಸಿಡುಬು ಹತ್ತಿತ್ತು. ಹಿತ್ತಲಲ್ಲೇ ಮಿಂದಿದ್ದ, ಬಟ್ಟೆ ಬದಲಿಸಿದ್ದ. ಆದರೂ ಸಾಯೊ ಅವನ ತಲೆಗೂದಲು ಹಿಡಿದು ಎಳೆದಾಡಿದ್ದಳು. ಕೂದಲು ತೊಳೆದಿದ್ದೆನೇ? ತೊಳೆದಿದ್ದೆ. ಸರಿಯಾಗಿ? ಬೆಟ್ಟದ ದಾರಿಯಲ್ಲಿ ಯಾರೂ ಕಾಣಲಿಲ್ಲ.

ಅವನು ಒಳಗೆ ಬಂದಾಗ ಒಕುಮೆ ಮಗುವಿಗೆ ನೀರು ಕುಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಗೊನ್ಜೊ ಬರಲ್ಲ. ನಿನ್ನೇನೇ ಅವನ ಹೆಂಡ್ತಿ ಬಾವಿ ಹತ್ರ ಹೇಳಿದ್ಲು. ನೀನು ಕಾಯ್ತಾ ಇರೋದನ್ನ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ."

"ನಾಟಿ ಅಂತಲಾ?"

"ನಾಟಿಯಂತೆ ನಾಟಿ. ಒಂದು ಮಗೂನ ಎತ್ಕೊಂಡು ಬಂದು ಹೋಗೋಕೆ ಎಷ್ಟು ಹೊತ್ತು ಬೇಕು? ಊರಲ್ಲಿ ಏನಂತಾರೆ ಗೊತ್ತಾ ನಿನಗೆ?"

ಅವನಿಗೆ ಗೊತ್ತಿತ್ತು. ಹಸುವಿನಿಂದ ಬಂದ ರಸ, ಹಾಕಿಸಿಕೊಂಡ ಮಕ್ಕಳಿಗೆ ಕೊಂಬು ಮೂಡುತ್ತದೆ, ಅಂಬಾ ಅನ್ನುತ್ತವೆ. ಬೀದಿಯಲ್ಲಿ ಅವನು ಹೋಗುವಾಗ ಗಂಡಸರು ಒಬ್ಬರಿಗೊಬ್ಬರು, ನಮ್ಮ ಎತ್ತಿಗೂ ನಾಡಿ ನೋಡಿಸಬೇಕಪ್ಪ, ಎನ್ನುತ್ತಿದ್ದರು. ಅವನು ನಕ್ಕು ಮುಂದೆ ಹೋಗುತ್ತಿದ್ದ. ಇದನ್ನೇ ಹೇಳಿದ. ಮುದುಕಿ ತಲೆಯಲ್ಲಾಡಿಸಿದಳು.

"ಕೊಂಬಿನ ಮಾತು ತಮಾಷೆಗೆ. ಅದನ್ನ ಯಾರೂ ನಂಬಲ್ಲ. ನಂಬೋ ಮಾತು ಬೇರೆ ಇದೆ. ಪಂಡಿತ ಊರ ಮಕ್ಕಳಿಗೆಲ್ಲ ಹಾಕ್ತಾನೆ, ತನ್ನ ಮಗಳ ತೋಳು ಮಾತ್ರ ನುಣ್ಣಗಿದೆ ಅಂತಾರೆ. ಅಡುಗೆ ಮಾಡಿದೋನೇ ಉಣ್ಣದಿದ್ರೆ, ಎಲೆ ಮುಂದೆ ಕೂತೋರು ಏನು ಅಂದ್ಕೋಬೇಕು? ನಾನೂ ಅಂದ್ಕೊಂಡೆ. ಆದ್ರೂ ತಂದೆ. ನಮ್ಮ ಮನೇಲಿ ಸಿಡುಬಿಗೆ ಮೂರು ಹೋಗಿವೆ, ಇನ್ನು ಕೊಂಬು ಬಂದ್ರೆ ಬರಲಿ ಅಂತ."

ಸೋಹಾಕು ಕೂತಲ್ಲಿಯೇ ಕೂತಿದ್ದ. ಆ ಮಾತು ಮುದುಕಿಯ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಎಷ್ಟೋ ದಿನದಿಂದ ಜಗುಲಿಯ ಮೇಲೇ ಬಿದ್ದಿದ್ದ ವಸ್ತುವನ್ನು ಯಾರೋ ಎತ್ತಿಕೊಟ್ಟಂತಿತ್ತು. ಆರು ಸರದಿ. ದಾರ ಕಡಿಯಬಾರದೆಂದು ಅವನು ಮಗಳನ್ನು ಎತ್ತಿಟ್ಟುಕೊಂಡಿದ್ದ; ಎತ್ತಿಟ್ಟುಕೊಂಡದ್ದನ್ನು ನೋಡಿಯೇ ಊರು ದೂರ ಸರಿದಿತ್ತು. ಮೊದಲ ಸಲ ಐವರು ಬಂದಿದ್ದರು. ಆಮೇಲೆ ನಾಲ್ಕು. ಆಮೇಲೆ ಮೂರು, ಎರಡು, ಒಂದು, ಒಂದು. ಈ ಲೆಕ್ಕ ಅವನ ಕಣ್ಣ ಮುಂದೆಯೇ ಇತ್ತು. ನಾಡಿ ಹಿಡಿದು ಹೊಟ್ಟೆಯೊಳಗಿನ ಹುಣ್ಣು ಹೇಳುವವನಿಗೆ ಇದು ಕಾಣಿಸಿರಲಿಲ್ಲ. ಯಾಕೆ ಹಾಕಿಲ್ಲ ಎಂದು ಯಾರಾದರೂ ಎದುರಿಗೆ ಕೇಳಿದ್ದರೆ ವಿವರಿಸುತ್ತಿದ್ದೆ ಎಂದುಕೊಂಡ. ವಿವರಿಸುವುದೆಂದರೆ ಏನು ಹೇಳುತ್ತಿದ್ದೆ? ನೀವು ಯಾರೂ ಬಾರದ ದಿನಕ್ಕೆ ಇವಳನ್ನು ಇಟ್ಟಿದ್ದೇನೆ ಎಂದೇ? ತಾಮಿಗೂ ಅವನು ಅದನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಅವಳು ತಾನೇ ತಿಳಿದುಕೊಂಡಿದ್ದಳು. ಅಂಗಿಯನ್ನು ಒಗೆಯುವ ರೀತಿಯಲ್ಲಿ ಅದು ಗೊತ್ತಾಗುತ್ತಿತ್ತು.

ಮಧ್ಯಾಹ್ನದ ಗಂಟೆ ಹೊಡೆಯಿತು. ಅವನು ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಯೊಳಗಿಟ್ಟುಕೊಂಡ. "ಅಜ್ಜಿ, ಗದ್ದೆವರೆಗೂ ನಡೀಲಿಕ್ಕೆ ಆಗುತ್ತಾ?" ಎಂದ. ಮುದುಕಿ ಮಗುವನ್ನು ಬೆನ್ನಿಗೆ ಹಾಕಿಕೊಳ್ಳುತ್ತ, ಅಂತೂ ಎದ್ದೆಯಲ್ಲ, ಎಂದಳು.

ಬದುವಿನ ಮೇಲೆ ಮುದುಕಿ ಮುಂದೆ, ಅವನು ಹಿಂದೆ. ತೊಮೆಯ ತೋಳುಗಳು ಬಿಸಿಲಿನಲ್ಲಿ ಆ ಕಡೆ ಈ ಕಡೆ ತೂಗುತ್ತಿದ್ದವು. ಆರು ಗುಳ್ಳೆಗಳ ಮೇಲೆ ಕಣ್ಣಿಟ್ಟುಕೊಂಡೇ ನಡೆದ. ಬಿಸಿಲಿಗೆ ಒಡೆದಾವೆ? ಮಗುವಿನ ಕೈ ಮುದುಕಿಯ ಹೆಗಲಿಗೆ ಉಜ್ಜೀತೆ? ಎರಡು ಕಡೆ ನೀರು ತುಂಬಿದ ಗದ್ದೆ, ನೀರಿನಲ್ಲಿ ಆಕಾಶ, ಆಕಾಶದಲ್ಲಿ ತಲೆಕೆಳಗಾಗಿ ನಡೆಯುವ ಒಬ್ಬ ವೈದ್ಯ. ಕಿಹೆಯ ಗದ್ದೆಯಲ್ಲಿ ಹನ್ನೊಂದು ಹೆಂಗಸರು ಸಾಲುಗಟ್ಟಿ ಬಾಗಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ನೆಡುತ್ತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಹಸಿರು ಪಟ್ಟೆ ಉದ್ದವಾಗುತ್ತಿತ್ತು. ಎರಡು ದಿನದ ಹಿಂದೆ ಕಿಹೆಯ ಮನೆಯಿಂದ ಇಬ್ಬರು ಬಂದು ಸೋಹಾಕುವಿನ ಅಂಗೈಯಗಲದ ಗದ್ದೆ ನೆಟ್ಟುಕೊಟ್ಟು ಹೋಗಿದ್ದರು. ಅದರ ಮುಯ್ಯಿ ಇವತ್ತು. ಈ ಊರಿನಲ್ಲಿ ಏನನ್ನಾದರೂ ಅಕ್ಕಿಯಲ್ಲೋ ಬಟ್ಟೆಯಲ್ಲೋ ತೀರಿಸಬಹುದು, ನಾಟಿಯ ಆಳಿಗೆ ಮಾತ್ರ ಆಳೇ ಹೋಗಿ ನಿಲ್ಲಬೇಕು. ಇಬ್ಬರಿಗೆ ಇಬ್ಬರು. ಪ್ರತಿ ವರ್ಷವೂ ತಾಮಿ ಒಬ್ಬಳೇ ಹೋಗಿ, ಉಳಿದವರಿಗಿಂತ ಮೊದಲೇ ಇಳಿದು, ಎಲ್ಲರೂ ಹತ್ತಿದಮೇಲೂ ಕತ್ತಲಾಗುವವರೆಗೆ ನೆಟ್ಟು, ಇಬ್ಬರ ಮುಯ್ಯಿ ತೀರಿಸಿ ಬರುತ್ತಿದ್ದಳು. ಅವಳ ಪಟ್ಟೆ ಯಾವುದೆಂದು ಅವನಿಗೆ ದೂರದಿಂದಲೇ ತಿಳಿಯಿತು: ಎಲ್ಲರಿಗಿಂತ ಅಗಲವಾದದ್ದು.

ಅವನು ಬದುವಿನ ಮೇಲೆ ನಿಂತ. ಹಾಡು ಒಂದೊಂದೇ ಬಾಯಿಂದ ಕಳಚಿಕೊಂಡು ನಿಂತಿತು.

"ಸಾಯೊ ಎಲ್ಲಿ?" ಎಂದ.

ತಾಮಿ ಬೆನ್ನು ನೆಟ್ಟಗೆ ಮಾಡಲಿಲ್ಲ. ಕೈಯಲ್ಲಿದ್ದ ನಾಲ್ಕು ಸಸಿ ಊರಿ ಮುಗಿಸಿ, ಆಮೇಲೆ ಎದ್ದು, ಗಲ್ಲದಿಂದ ಮರದ ಕಡೆ ತೋರಿಸಿದಳು. ಬದುವಿನ ಕೊನೆಯ ದೊಡ್ಡ ಮರದ ನೆರಳಿನಲ್ಲಿ ಊರಿನ ಚಿಕ್ಕ ಮಕ್ಕಳು ಕೆಸರಿನ ಉಂಡೆ ಕಟ್ಟುತ್ತಿದ್ದವು. "ಯಾಕೆ?" ಎಂದಳು.

"ಇವತ್ತು ಅವಳಿಗೆ ಹಾಕಿಬಿಡೋಣ ಅಂತ."

"ಯಾರೂ ಬರ್ಲಿಲ್ವಾ?"

ಹತ್ತು ಹೆಂಗಸರು ಕೈಯಲ್ಲಿ ಸಸಿ ಹಿಡಿದುಕೊಂಡು ಕೇಳುತ್ತಿದ್ದರು. ಗೊನ್ಜೊನ ಹೆಂಡತಿಯೂ ಅವರಲ್ಲಿದ್ದಳು. ಅವಳು ನೀರನ್ನು ನೋಡುತ್ತಿದ್ದಳು. ಅವರು ಬಂದರೂ ಇವಳಿಗೇ ಹಾಕುತ್ತಿದ್ದೆ ಎನ್ನಬಹುದಿತ್ತು. "ಬರ್ಲಿಲ್ಲ," ಎಂದ.

"ಹಾಗಾದ್ರೆ ಇವತ್ತು ಹಾಕೋದು ಸಾಯೊಗೋ, ನಿಮ್ಮ ಔಷಧಕ್ಕೋ?" ಅವಳ ದನಿ ಏರಲಿಲ್ಲ. ಅಂಗಡಿಯಲ್ಲಿ ನಿಂತು ಇದು ಯಾವ ಊರಿನ ಉಪ್ಪು ಎಂದು ಕೇಳುವಂತೆ ಕೇಳಿದಳು. "ಯಾವುದಾದ್ರೂ ಸರಿ. ಮಗು ನಾಳೆ ಕೇಳಿದ್ರೆ ಹೇಳೋಕೆ ತಿಳಿದಿರಲಿ ಅಂತ."

ಎರಡಕ್ಕೂ, ಎನ್ನುವ ಮಾತು ಬಾಯಿಯವರೆಗೆ ಬಂತು. ಸುಳ್ಳಲ್ಲ. ಆದರೆ ಅದನ್ನು ಹೇಳಿದರೆ ಆ ಕೆಸರಿನಲ್ಲಿ ಬಿದ್ದು ಅಲ್ಲೇ ಮುಳುಗಿಹೋಗುತ್ತದೆ ಎಂದೂ ಕಂಡಿತು. ಬೆಳಗಿನಿಂದ ಕಾದದ್ದು ಯಾವುದಕ್ಕೆ, ಗುಳ್ಳೆಗಳ ಮೇಲೆ ಕಣ್ಣಿಟ್ಟುಕೊಂಡು ನಡೆದು ಬಂದದ್ದು ಯಾವುದಕ್ಕೆ. ದಾರಿಯಲ್ಲಿ ಒಮ್ಮೆಯಾದರೂ ಸಾಯೊಳ ಮುಖ ನೆನಪಾಯಿತೇ? ಅವಳ ತೋಳು ನೆನಪಾಗಿತ್ತು. "ನಂಗೆ ಗೊತ್ತಿಲ್ಲ, ತಾಮಿ," ಎಂದ.

ವೈದ್ಯನೊಬ್ಬ ಊರ ಮುಂದೆ ನಿಂತು ಗೊತ್ತಿಲ್ಲ ಎಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಗೊನ್ಜೊನ ಹೆಂಡತಿ ತಲೆಯೆತ್ತಿ ಅವನನ್ನು ನೋಡಿದಳು. ತಾಮಿ ಕೈಯ ಸಸಿಯ ಕಟ್ಟನ್ನು ತನ್ನ ಪಟ್ಟೆಯ ತುದಿಯಲ್ಲಿ ನೀರಿಗೆ ಇಟ್ಟು, ಕಾಲುವೆಯಲ್ಲಿ ಮೊಣಕೈವರೆಗೂ ಕೈ ತೊಳೆದುಕೊಂಡು ಮೇಲೆ ಬಂದಳು. ಮರದ ಕೆಳಗೆ ಹೋಗಿ ಮಗಳ ಕೈಯ ಪಟ್ಟಿ ಬಿಚ್ಚಿದಳು. ಬಿಗಿ ಅಂಗಿಯ ತೋಳು ಮೊಣಕೈ ದಾಟಿ ಮೇಲೇರಲಿಲ್ಲ. ಹಲ್ಲಿನಿಂದ ಹೊಲಿಗೆ ಕಿತ್ತು ಭುಜದವರೆಗೂ ಹರಿದಳು.

"ಅಪ್ಪ, ಇವತ್ತು ನನ್ನ ಸರದಿನಾ?" ಎಂದಳು ಸಾಯೊ.

ಅವನು ಮಗಳ ಹಣೆ ಮುಟ್ಟಿದ. ಬೆಚ್ಚಗಿತ್ತು. ಬೆಳಗಿನಿಂದ ಬಿಸಿಲಿನಲ್ಲಿ ಆಡಿದ ಮಗು, ಬೆಚ್ಚಗಿರಲೇಬೇಕು. ಅಂಗೈ ತೆಗೆದು ಕೈಯ ಹಿಂಬದಿ ಇಟ್ಟು ನೋಡಿದ. ಐದು ದಿನ. ರಿಕಿಚಿಗೆ ಜ್ವರ ಬಂದ ಹನ್ನೆರಡಕ್ಕೆ ಇನ್ನೂ ಏಳಿದೆ. ಆದರೆ ಐದು ದಿನದ ಹಿಂದಿನದೇ ಮೊದಲ ಭೇಟಿಯಲ್ಲ, ಅದಕ್ಕೂ ಮುಂಚೆ ಒಮ್ಮೆ ಕುರಾನೊದ ಸಂತೆಗೆ ಹೋಗಿದ್ದ. ಅದು ಯಾವ ದಿನ? ತಾಮಿ ಅವನ ಕೈಯನ್ನು ನೋಡುತ್ತಿದ್ದಳು, ಅದು ಹಣೆಯ ಮೇಲೆ ಎಷ್ಟು ಹೊತ್ತು ನಿಂತಿತೆಂಬುದನ್ನು. ಅವನು ಕೈ ತೆಗೆದ. ಒಕುಮೆ ತೊಮೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳ ಎರಡೂ ಕೈ ಹಿಡಿದುಕೊಂಡಳು. ಚೂರಿಯ ತುದಿ ಗುಳ್ಳೆಯ ಅಂಚಿಗೆ ತಾಗಿತು. ಒಂದು ಹನಿ ಎದ್ದು ಹೊಳೆಯಿತು. ಆ ಹನಿಯನ್ನು ಹೊತ್ತು ಮಗಳ ತೋಳಿಗೆ, ರಕ್ತ ಕಾಣಿಸಿಯೂ ಕಾಣದಷ್ಟು, ಒಂದು, ಎರಡು, ಮೂರು. ಇನ್ನೊಂದು ತೋಳಿಗೆ ಮೂರು. ಸಾಯೊ ಅಳಲಿಲ್ಲ. ಆರು ಸರದಿ ಬೇರೆ ಮಕ್ಕಳು ಅತ್ತದ್ದನ್ನು ನೋಡಿ, ತಾನು ಅಳಬಾರದೆಂದು ಯಾವಾಗಲೋ ತೀರ್ಮಾನಿಸಿಕೊಂಡವಳಂತೆ ತುಟಿ ಕಚ್ಚಿ ಕೂತಿದ್ದಳು. ಮುಗಿದಮೇಲೆ ಕೈಯೊಡ್ಡಿದಳು.

"ಮಿಠಾಯಿ?"

ಹಾಕಿಸಿಕೊಂಡ ಪ್ರತಿ ಮಗುವಿಗೂ ಕಾಗದದಲ್ಲಿ ಸುತ್ತಿದ ಸಕ್ಕರೆಯ ಹೂವೊಂದನ್ನು ಅವನು ಕೊಡುತ್ತಿದ್ದ. ಕೋಟೆಪೇಟೆಯಿಂದ ತಂದದ್ದು. ಡಬ್ಬಿ ಜಗುಲಿಯಲ್ಲೇ ಉಳಿದಿತ್ತು.

"ಮನೇಲಿದೆ ಮಗು. ಸಂಜೆ ಕೊಡ್ತೀನಿ."

"ಸಂಜೆ ಅಂದ್ರೆ ಇವತ್ತಿನ ಸಂಜೆನಾ?"

ತಾಮಿ ಮುಖ ಆ ಕಡೆ ತಿರುಗಿಸಿದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ. "ಇವತ್ತಿನದೇ," ಎಂದ ಸೋಹಾಕು.

ಅವನು ಚೂರಿ ಒರೆಸಿ ಎದ್ದು ತಿರುಗಿದಾಗ ಹಿಂದೆ ಗೊನ್ಜೊನ ಹೆಂಡತಿ ನಿಂತಿದ್ದಳು, ಕಾಲು ತೊಡೆಯವರೆಗೂ ಕೆಸರು. ಆಟದಿಂದ ಎಳೆದು ತಂದ ಮಗ ಅವಳ ಕೈಯಲ್ಲಿ ಒದ್ದಾಡುತ್ತಿದ್ದ. ಹುಡುಗನನ್ನು ಮುಂದೆ ತಳ್ಳಿದಳು. ಅವಳ ಹಿಂದೆ ಕಿಹೆಯ ಸೊಸೆ ತನ್ನ ಕೂಸನ್ನು ಎತ್ತಿಕೊಂಡು, ಕೊಂಬು ಬಂದರೆ ಗದ್ದೆ ಉಳೋಕಾದರೂ ಆದೀತು, ಎನ್ನುತ್ತ ನಿಂತಳು. ಹೆಂಗಸರು ನಕ್ಕರು. ನಗು ಬಂದಮೇಲೆ ಇನ್ನಿಬ್ಬರು ಬಂದರು. ನಾಲ್ಕು ಮಕ್ಕಳು. ಸೋಹಾಕು ಒಂದೊಂದಾಗಿ ಹಾಕುತ್ತ ಹೋದ. ತೊಮೆಯ ಗುಳ್ಳೆಗಳು ಒಂದೊಂದಾಗಿ ಬರಿದಾದವು. ಆರು ಸರದಿ ಮನೆಮನೆಯ ಬಾಗಿಲಲ್ಲಿ ನಿಂತು ಅವನು ಬೇಡಿಕೊಂಡದ್ದು, ಗ್ರಂಥ ತೆರೆದು ಚಿತ್ರ ತೋರಿಸಿದ್ದು ಎಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಅವರು ಕೇಳಿದ್ದು ಇಷ್ಟೇ ಆಗಿತ್ತು. ದಾರ ಈಗ ಗಟ್ಟಿ. ಆದರೆ ಸಂತೋಷಪಡಲು ಒಳಗೆ ಜಾಗ ಹುಡುಕಿದರೆ, ಅಲ್ಲಿ ಬೆಚ್ಚಗಿನ ಒಂದು ಹಣೆ ಕೂತಿತ್ತು. ಇದನ್ನು ತಿಂಗಳ ಹಿಂದೆಯೇ ಮಾಡಿದ್ದರೆ ಆ ಹಣೆಯನ್ನು ಮುಟ್ಟಿ ದಿನ ಎಣಿಸಬೇಕಾಗಿರಲಿಲ್ಲ.

ಯಜಮಾನ ಕಿಹೆ ಸಸಿಯ ಕಟ್ಟುಗಳನ್ನು ಎಸೆಯುತ್ತ ಬದುವಿನ ಮೇಲೆ ಬಂದ. ಎಪ್ಪತ್ತರ ಮುದುಕ, ಮಾತಿನಲ್ಲಿ ಮೆಣಸು. "ಪಂಡಿತರೇ, ನಿಮ್ಮ ಮನೆಯ ಮುಯ್ಯಿ ಎರಡಾಳು. ಬಂದಿದ್ದು ಒಂದು. ಆ ಒಂದೂ ಈಗ ಮರದ ಕೆಳಗೆ ಕೂತಿದೆ. ನಮ್ಮ ಗದ್ದೆಗೂ ಸ್ವಲ್ಪ ನಾಡಿ ನೋಡಿ."

ತಾಮಿ ಏಳಹೋದಳು. ತೋಳಿನ ರಸ ಒಣಗುವವರೆಗೂ ಮಗುವಿನ ಕೈ ಬಿಡುವಂತಿಲ್ಲ. ಗದ್ದೆಯಲ್ಲಿ ಹೆಂಗಸರು ಮತ್ತೆ ಬಾಗಿದ್ದರು; ಅವರ ಪಟ್ಟೆಗಳ ನಡುವೆ ತಾಮಿಯದು ಮಾತ್ರ ನಿಂತಲ್ಲೇ ನಿಂತು, ಬರಿ ನೀರು ಹೊಳೆಯುತ್ತಿತ್ತು. ಸೋಹಾಕು ಚಪ್ಪಲಿ ಬಿಟ್ಟ. ಮೇಲಂಗಿ ಬಿಚ್ಚಿ, ಚೂರಿಯ ಸಮೇತ ಸುತ್ತಿ ಒಕುಮೆಯ ಪಕ್ಕದಲ್ಲಿಟ್ಟ. ಅಂಚು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಇಳಿದ. ಕೆಸರು ಅವನು ತಿಳಿದಿದ್ದಕ್ಕಿಂತ ತಣ್ಣಗಿತ್ತು, ಆಳವಿತ್ತು. ಬಿಳಿ ಕಾಲುಗಳನ್ನು ನೋಡಿ ಯಾರೋ, ಮೂಲಂಗಿ ನೆಡ್ತಿದ್ದಾರೆ ನೋಡ್ರೇ, ಎಂದರು. ಅವನು ತಾಮಿ ಇಟ್ಟುಹೋದ ಸಸಿಯ ಕಟ್ಟನ್ನು ಎತ್ತಿಕೊಂಡು, ಪಕ್ಕದವಳ ಬೆರಳು ನೋಡಿ ಮೂರು ಸಸಿ ಬಿಡಿಸಿ ಊರಿದ. ಇನ್ನು ಮೂರು. ಹಿಂದಕ್ಕೆ ಹೆಜ್ಜೆ. ಇನ್ನು ಮೂರು.

ಅರ್ಧ ಪಟ್ಟೆಯಾಗಿರಬೇಕು, ಬದುವಿನ ಮೇಲೆ ಒಬ್ಬ ಗಂಡಸು ಓಡಿಬಂದು ನಿಂತ. ಕುರಾನೊದ ದೊಡ್ಡ ಮನೆಯ ಆಳು. ಅಂಗಿಯ ಮೇಲೆ ಆ ಮನೆಯ ಗುರುತಿತ್ತು. ಧಣಿಗಳ ಚಿಕ್ಕ ಮಗಳಿಗೆ ಸಿಡುಬು ಒಳಕ್ಕೆ ಇಳಿದಿದೆ, ಉಸಿರು ಸಿಕ್ಕಿಕೊಳ್ಳುತ್ತಿದೆ, ಪಂಡಿತರು ಈಗಲೇ ಬರಬೇಕಂತೆ, ಎಂದು ಏದುಸಿರಿನಲ್ಲಿ ಹೇಳಿದ. ಕೆಸರಿನಲ್ಲಿ ನಿಂತಿರುವವನೇ ಪಂಡಿತ ಎಂದು ತಿಳಿಯದೆ ಮರದ ಕಡೆ ನೋಡಿ ಹೇಳುತ್ತಿದ್ದ.

ಸೋಹಾಕು ನೆಟ್ಟಗಾದ. ಸೊಂಟ ನೋಯುತ್ತಿತ್ತು. ಮೂರು ಚಳಿಗಾಲದ ಹಿಂದಿನ ಅದೇ ಬಾಗಿಲು, ಅದೇ ಕಲ್ಲಿನ ಮೆಟ್ಟಿಲು. ತಾಮಿ ಅವನನ್ನು ನೋಡಲಿಲ್ಲ, ಆಳನ್ನೂ ನೋಡಲಿಲ್ಲ. ಅವನ ಹಿಂದೆ ಉಳಿದಿದ್ದ ಬರಿ ನೀರನ್ನು ನೋಡುತ್ತಿದ್ದಳು.

"ಈ ಪಟ್ಟೆ ಮುಗಿಸಿ ಬರ್ತೀನಿ," ಎಂದ.

ಆಳಿಗೆ ಅರ್ಥವಾಗಲಿಲ್ಲ. "ಉಸಿರು ಸಿಕ್ಕೊಳ್ತಿದೆ ಸ್ವಾಮಿ," ಎಂದ.

"ಕೇಳಿಸ್ತು."

ಅವನು ಬಾಗಿದ. ಮೂರು ಸಸಿ, ಹಿಂದಕ್ಕೆ ಹೆಜ್ಜೆ. ಪ್ರತಿ ಸಸಿಗೂ ಅಲ್ಲೊಂದು ಮಗು ಉಸಿರೆಳೆಯುತ್ತಿತ್ತು. ಬೇಗ ಬೇಗ ಊರಿದ. ಬೇಗ ಊರಿದಷ್ಟೂ ಪಟ್ಟೆ ಉದ್ದವಾದಂತೆ ಕಂಡಿತು. ಇದು ತೀರಿಸುವ ರೀತಿಯೇ ಅಲ್ಲ, ಒಂದು ಮನೆಯ ಉಸಿರನ್ನು ಕಿತ್ತು ಇನ್ನೊಂದು ಮನೆಯ ಗದ್ದೆಯಲ್ಲಿ ನೆಡುತ್ತಿದ್ದೇನೆ ಎಂದು ಒಳಗೆ ಯಾರೋ ಹೇಳಿದರು. ಗುರುಗಳ ದನಿಯಂತಿತ್ತು. ಅವನು ನಿಲ್ಲಿಸಲಿಲ್ಲ. ಹೆಂಗಸರ ಹಾಡು ಮತ್ತೆ ಎದ್ದಿರಲಿಲ್ಲ. ಅವನ ಕೈ ನೀರಿಗೆ ಬೀಳುವ ಸದ್ದು ಮಾತ್ರ. ಬದುವಿಗೆ ಹಿಮ್ಮಡಿ ತಾಗಿದಾಗ ಅವನು ಕಾಲುವೆಯಲ್ಲಿ ಕೈಕಾಲು ತೊಳೆದು, ಒದ್ದೆಯಲ್ಲೇ ಮೇಲಂಗಿ ತೊಟ್ಟು, ಚೂರಿಯನ್ನು ಮುಟ್ಟಿ ನೋಡಿಕೊಂಡ. ಆಳು ಆಗಲೇ ಮುಂದೆ ನಡೆದಿದ್ದ.

"ಹಿಂದಿನ ಬಾಗಿಲಿಂದ ಬನ್ನಿ," ಎಂದಳು ತಾಮಿ. "ನೀರು ಕಾಯಿಸಿಟ್ಟಿರ್ತೀನಿ."

"ಸಂಜೆಗೆ ಬಂದುಬಿಡ್ತೀನಿ."

ಅವಳು ಮಗಳ ತೋಳಿನ ರಸ ಒಣಗಿತೇ ಎಂದು ಬಾಗಿ ನೋಡಿದಳು.

ಸಂಕ ದಾಟುವಾಗ ಅವನು ತಿರುಗಿ ನೋಡಿದ. ಅಷ್ಟು ದೂರದಿಂದಲೂ ಅವನು ನೆಟ್ಟ ಪಟ್ಟೆ ಗೊತ್ತಾಗುತ್ತಿತ್ತು. ಆಳಕ್ಕೆ ಊರದ ಸಸಿಗಳು ಬೇರು ಕಳಚಿಕೊಂಡು ಒಂದೊಂದಾಗಿ ಎದ್ದು ನೀರಿನ ಮೇಲೆ ಮಲಗಿದ್ದವು. ತಾಮಿ ಆಗಲೇ ಗದ್ದೆಗೆ ಇಳಿದಿದ್ದಳು. ಅವನ ಪಟ್ಟೆಯ ಮೊದಲಿನಿಂದ ಬಾಗಿಕೊಂಡು, ತೇಲಿದ್ದನ್ನು ಹಿಡಿಹಿಡಿದು ಹೆಬ್ಬೆರಳಿನಿಂದ ಕೆಸರಿಗೆ ಒತ್ತುತ್ತ ಬರುತ್ತಿದ್ದಳು. ಮರದ ಕೆಳಗೆ ಸಾಯೊ, ಹೇಳಿಕೊಟ್ಟಂತೆ ಎರಡೂ ತೋಳುಗಳನ್ನು ಮೈಗೆ ತಾಗದ ಹಾಗೆ ಅಗಲಿಸಿ ಹಿಡಿದುಕೊಂಡು, ಅವನು ಹೋಗುತ್ತಿದ್ದ ದಾರಿಯನ್ನೇ ನೋಡುತ್ತ ನಿಂತಿದ್ದಳು.